ಬಾಯ್ಲರಿಗೆ ಸುಣ್ಣ

ಸಾಬೂನಿನ ಫ್ಯಾಕ್ಟರಿಗೆ ಬೀಗ ಬಿದ್ದು ಹನ್ನೊಂದು ತಿಂಗಳಾಗಿತ್ತು. ಆದರೂ ಹಬೆಯಪ್ಪ ದಿನಾ ಬೆಳಿಗ್ಗೆ ಆರೂವರೆಗೆ ಊಟದ ಡಬ್ಬಿ ಹಿಡಿದು ಕೆಲಸಕ್ಕೆ ಹೊರಡುವುದನ್ನು ಬಿಟ್ಟಿರಲಿಲ್ಲ.

ಅವನಿಗೆ ಹೆತ್ತವರು ಇಟ್ಟ ಹೆಸರು ಬೇರೆಯೇ ಇತ್ತು. ಇಪ್ಪತ್ನಾಲ್ಕು ವರ್ಷ ಫ್ಯಾಕ್ಟರಿಯ ಬಾಯ್ಲರಿಗೆ ಬೆಂಕಿ ಹಾಕಿ, ಹಬೆ ಎಬ್ಬಿಸಿ, ಆ ಹಬೆಯಲ್ಲೇ ಮುಖ ಬೇಯಿಸಿಕೊಂಡವನಿಗೆ ಜೊತೆಯ ಕೆಲಸಗಾರರು ಈ ಹೆಸರು ಕಟ್ಟಿದ್ದರು. ಗಂಡ ಹಬೆಯಪ್ಪನಾದ ಮೇಲೆ ಹೆಂಡತಿಯನ್ನು ಕೇಳುವವರು ಯಾರು? ಅವಳು ಹಬೆಯಮ್ಮ. ಮದುವೆಯಾದ ಹೊಸತರಲ್ಲಿ "ನಾನೇನು ಒಲೆ ಮೇಲಿಟ್ಟ ಪಾತ್ರೆಯಾ?" ಎಂದು ಸಿಡುಕಿದ್ದಳು. ಈ ವರ್ಷ ಮಾತ್ರ ಹೆಸರು ತನಗೆ ಸರಿಯಾಗಿ ಹೊಂದುತ್ತದೆ ಎಂದು ಅವಳಿಗೇ ಅನಿಸಿತ್ತು. ಬೆಳಗಿನಿಂದ ಸಂಜೆಯವರೆಗೆ ಒಳಗೊಳಗೇ ಕುದಿಯುವುದೇ ಅವಳ ಪಾಡಾಗಿತ್ತು.

ಫ್ಯಾಕ್ಟರಿ ಮುಚ್ಚಿದ ದಿನ ಮ್ಯಾನೇಜರು ಕಾರಿನ ಬಾಗಿಲು ಹಾಕಿಕೊಳ್ಳುತ್ತಾ, "ಬಾಯ್ಲರ್ ನೋಡ್ಕೊಳ್ತಿರಪ್ಪ, ಮತ್ತೆ ಶುರುವಾದಾಗ ಮೊದಲು ಕರೆಯೋದು ನಿನ್ನನ್ನೇ" ಎಂದಿದ್ದರು. ಹೊರಟು ನಿಂತ ನೆಂಟರಿಗೆ 'ಊಟ ಮಾಡ್ಕೊಂಡು ಹೋಗಬಹುದಿತ್ತು' ಅನ್ನುತ್ತಾರಲ್ಲ, ಅಂಥ ಮಾತು ಅದು. ಹಬೆಯಪ್ಪ ಅದನ್ನು ಗಂಟು ಕಟ್ಟಿಕೊಂಡು ಮನೆಗೆ ಬಂದ. ಅಂದಿನಿಂದ ಒಂದು ಕಾಸು ಸಂಬಳವಿಲ್ಲದೆ, ಕಾವಲಿಗೆ ಕೂತಿದ್ದ ಗೇಟಿನ ತಾತನನ್ನು ಕಾಡಿಬೇಡಿ ಒಳಗೆ ಹೋಗಿ, ತಣ್ಣಗೆ ಬಿದ್ದಿದ್ದ ಆ ಕಬ್ಬಿಣದ ರಾಶಿಯನ್ನು ಒರೆಸುವುದು, ಎಣ್ಣೆ ಹಚ್ಚುವುದು, ಸಂಜೆ ಬರುವುದು. ಮೊದಲ ಎರಡು ತಿಂಗಳು ಮನೆಯವರೆಲ್ಲ ಅವನ ಜೊತೆ ನಂಬಿದರು. ಆಮೇಲೆ ನಂಬಿಕೆ ಬಚ್ಚಲಿನ ಸಾಬೂನಿನ ಚೂರಿನಂತೆ ಸವೆಯುತ್ತಾ ಬಂತು. ಕೊನೆಗೆ ಉಳಿದದ್ದು ಅವನದೊಂದೇ ಮಾತು, "ನಾಳೆ." ಬಾಡಿಗೆ ಕೇಳಿದರೆ ನಾಳೆ, ಮಗಳ ನರ್ಸಿಂಗ್ ಫೀಸು ಕೇಳಿದರೆ ನಾಳೆ, ಬೇರೆ ಕೆಲಸ ಹುಡುಕಿ ಅಂದರೆ ಅದೂ ನಾಳೆ. ಆ ಪದ ಕಿವಿಗೆ ಬಿದ್ದರೆ ಹಬೆಯಮ್ಮನಿಗೆ ಮೈ ಪರಚಿಕೊಳ್ಳುವಂತಾಗುತ್ತಿತ್ತು.

ಆ ಸಂಜೆ ಅಡುಗೆ ಅರ್ಧಕ್ಕೆ ನಿಂತಿತು. ಗ್ಯಾಸ್ ಮುಗಿದಿತ್ತು. ಅದಕ್ಕೆಂದೇ ಸಕ್ಕರೆ ಡಬ್ಬದ ತಳದಲ್ಲಿ ತಿಂಗಳಿಡೀ ಸೇರಿಸಿಟ್ಟ ದುಡ್ಡಿಗೆ ಅವಳು ಕೈ ಹಾಕಿದಳು. ಬೆರಳಿಗೆ ಸಿಕ್ಕಿದ್ದು ನಾಲ್ಕು ಹರಳು ಸಕ್ಕರೆ.

"ಡಬ್ಬದಲ್ಲಿದ್ದ ದುಡ್ಡೆಲ್ಲಿ?"

ಕೈ ತೊಳೆದು ಊಟಕ್ಕೆ ಕೂತಿದ್ದ ಹಬೆಯಪ್ಪ ತಟ್ಟೆ ನೋಡುತ್ತಾ, "ಸುಣ್ಣಕ್ಕಾಯ್ತು" ಅಂದ.

"ಏನಕ್ಕೆ?"

"ಸುಣ್ಣದ ಕಲ್ಲು ಕಣೆ. ಬೆಂಕಿ ಇಲ್ಲದ ಬಾಯ್ಲರ್ ಒಳಗೆ ತೇವ ಕೂತು ತುಕ್ಕು ಹಿಡಿಯುತ್ತೆ. ತಟ್ಟೆಯಲ್ಲಿ ಸುಣ್ಣದ ಕಲ್ಲಿಟ್ಟು ಮುಚ್ಚಿದ್ರೆ ಅದು ತೇವ ಎಳ್ಕೊಳ್ಳುತ್ತೆ. ಹಳೇದೆಲ್ಲ ಪುಡಿಯಾಗಿತ್ತು. ಬದಲಾಯಿಸದೆ ಗತಿಯಿರಲಿಲ್ಲ."

ಹಬೆಯಮ್ಮ ಸೌಟು ಕೆಳಗಿಟ್ಟಳು. "ಈ ಗೋಡೆ ನೋಡಿ. ತೇವ ಕೂತು ಕಪ್ಪು ಹಿಡಿದು ಮೂರು ವರ್ಷ ಆಯ್ತು. ನಿಮ್ಮಮ್ಮ ಅದರ ಪಕ್ಕದಲ್ಲೇ ಮಲಗಿ ಕೆಮ್ಮುತ್ತಾರೆ. ಮನೆಗೆ ಸುಣ್ಣ ಬಳಿಯೋಕೆ ಗತಿಯಿಲ್ಲ, ಬಾಯ್ಲರಿಗೆ ಸುಣ್ಣ! ಒಂದು ಕಣ್ಣಿಗೆ ಬೆಣ್ಣೆ, ಒಂದು ಕಣ್ಣಿಗೆ ಸುಣ್ಣ ಅಂತಾರಲ್ಲ, ಹಾಗಾಯ್ತು ನಮ್ಮ ಕಥೆ."

"ಅದಕ್ಕೂ ಸುಣ್ಣವೇ ಕೊಟ್ಟಿದ್ದಾನಲ್ಲಮ್ಮ, ಬೆಣ್ಣೆ ಎಲ್ಲಿ?" ಅತ್ತೆ ಮಂಚದ ಮೇಲಿನಿಂದ ಹೇಳಿದರು. ಎಂಬತ್ತರ ಹತ್ತಿರದ ಮುದುಕಿ, ಹಲ್ಲು ಹೋದರೂ ನಾಲಿಗೆ ಹೋಗಿರಲಿಲ್ಲ. ಮಗಳು ಪುಸ್ತಕದ ಹಿಂದೆ ಮುಖ ಮುಚ್ಚಿಕೊಂಡು ನಕ್ಕಳು. ಹಬೆಯಮ್ಮ ನಗಲಿಲ್ಲ. ಅರ್ಧ ಬೆಂದ ಬೇಳೆಯನ್ನು ಪಕ್ಕದ ಮನೆಯವರ ಒಲೆಯ ಮೇಲೆ ಬೇಯಿಸಿಕೊಂಡು ಬಂದು ಬಡಿಸಿದಳು. ಉಳಿದ ಸುಣ್ಣದ ಕಲ್ಲು ತುಂಬಿದ್ದ ಎಣ್ಣೆ ಡಬ್ಬಕ್ಕೆ ಗಾಳಿಯಾಡದಂತೆ ಮೇಣ ಹಚ್ಚಿ ಹಬೆಯಪ್ಪ ತಾಯಿಯ ಮಂಚದ ಕೆಳಗೆ ತಳ್ಳಿದ.

ಮನೆ ನಡೆಯುತ್ತಿದ್ದುದು ಹಬೆಯಮ್ಮನ ಕೈಯಿಂದ. ದೊಡ್ಡಾಸ್ಪತ್ರೆಯ ನೆಲಮಾಳಿಗೆಯಲ್ಲಿ ಲಾಂಡ್ರಿ. ಅಲ್ಲಿ ಅವಳು ಇನ್ನೊಬ್ಬಳ ಜೊತೆ ಎದುರುಬದುರು ನಿಂತು, ಒಗೆದ ಹಾಸಿಗೆ ಬಟ್ಟೆಯ ತುದಿ ಹಿಡಿದು, ಟಪ್ಪೆಂದು ಜಗ್ಗಿ, ನಾಲ್ಕು ಮಡಿಕೆ ಮಾಡಿ ಪೇರಿಸಬೇಕು. ಒಂದು ಪಾಳಿಗೆ ಇನ್ನೂರು. ಮೂರನೇ ಗಂಟೆಗೆ ಹೆಬ್ಬೆರಳಿನ ಬುಡ ಹಿಡಿದುಕೊಳ್ಳುತ್ತದೆ, ಐದನೇ ಗಂಟೆಗೆ ಭುಜ. ಆಮೇಲೆ ಏನೂ ತಿಳಿಯುವುದಿಲ್ಲ. ಬಟ್ಟೆ ಕುದಿಸಲು, ಇಸ್ತ್ರಿಯ ಉರುಳೆ ಬಿಸಿಯಾಗಲು ಹಿತ್ತಲಿನ ಸಣ್ಣ ಬಾಯ್ಲರಿನಿಂದ ಹಬೆ ಬರುತ್ತಿತ್ತು.

ಬುಧವಾರ ಲಾಂಡ್ರಿಯ ಮೇಡಂ ಅವಳನ್ನು ಕರೆದರು. ಬಾಯಿ ಜೋರಾದರೂ ಮನಸ್ಸು ಮೆತ್ತಗಿದ್ದ ಹೆಂಗಸು.

"ಏನು ಹಬೆಯಮ್ಮ, ಹೆಸರು ಸುಮ್ನೆ ಬಂದಿದ್ದಲ್ಲ ತಾನೆ? ನಿನ್ನ ಗಂಡನ ಹತ್ರ ಬಾಯ್ಲರ್ ಸರ್ಟಿಫಿಕೇಟ್ ಇದೆಯಾ?"

"ಇದೆ ಮೇಡಂ. ಫಸ್ಟ್ ಕ್ಲಾಸಿಂದು."

"ನಮ್ಮ ಬಾಯ್ಲರಿನವನು ಕೆಲಸ ಬಿಡ್ತಿದ್ದಾನೆ. ಶನಿವಾರ ನಾಲ್ಕು ಗಂಟೆಯೊಳಗೆ ಗಂಡನ್ನ ಕರ್ಕೊಂಡು ಬಾ, ಸಾಹೇಬ್ರು ಬಂದಿರ್ತಾರೆ. ಫ್ಯಾಕ್ಟರಿಯಷ್ಟು ಸಂಬಳ ಇರಲ್ಲ, ಆದ್ರೆ ತಿಂಗಳು ತಿಂಗಳು ಬರುತ್ತೆ. ಶನಿವಾರ ದಾಟಿದ್ರೆ ನನ್ನ ಕೈಲಿಲ್ಲ. ಹೊರಗೆ ಎಷ್ಟು ಜನ ಕಾಯ್ತಿದ್ದಾರೆ ಗೊತ್ತಲ್ಲ."

ಹಬೆಯಮ್ಮನಿಗೆ ಆ ದಿನದ ಉಳಿದ ಎಪ್ಪತ್ತು ಬಟ್ಟೆ ಮಡಚಿದ್ದು ಗೊತ್ತೇ ಆಗಲಿಲ್ಲ. ಮನೆಗೆ ಹೋಗುವ ದಾರಿಯಲ್ಲಿ ನಾಲ್ಕು ಮೊಟ್ಟೆ ಕೊಂಡಳು. ತಲೆಗೊಂದು.

ಹಬೆಯಪ್ಪ ಮೊಟ್ಟೆಯನ್ನು ಬಾಯಿಗಿಡುವಾಗಲೇ ಸುದ್ದಿ ಹೇಳಿದಳು. ಅವನು ಅರ್ಧ ಕಚ್ಚಿದ ಮೊಟ್ಟೆ ಕೆಳಗಿಟ್ಟ.

"ಶನಿವಾರ ಆಗಲ್ಲ ಕಣೆ."

"ಯಾಕೆ? ಶನಿವಾರ ನಿಮಗೆ ಪಟ್ಟಾಭಿಷೇಕ ಇದೆಯಾ?"

"ಫ್ಯಾಕ್ಟರಿ ತಗೊಳ್ಳೋರು ಬಾಯ್ಲರ್ ನೋಡೋಕೆ ಬರ್ತಿದ್ದಾರೆ. ಗೇಟಿನ ತಾತನಿಗೆ ಫೋನ್ ಬಂದಿದೆ. ಮಧ್ಯಾಹ್ನ ಮೂರು ಗಂಟೆಗೆ."

"ಬರಲಿ, ನೋಡ್ಕೊಂಡು ಹೋಗಲಿ. ಬೀಗದ ಕೈ ತಾತನ ಹತ್ರ ಇದೆಯಲ್ಲ ಅಪ್ಪ," ಅಂದಳು ಮಗಳು.

"ಬರೀ ನೋಡೋದು ಬೇರೆ, ಗೊತ್ತಿರೋನು ನಿಂತು ತೋರಿಸೋದು ಬೇರೆ ಪುಟ್ಟಿ. ಹೊರಗಿಂದ ನೋಡಿದ್ರೆ ಅದು ಹಳೇ ಕಬ್ಬಿಣ. ಅದರ ಬೆಲೆ ನಾನು ಹೇಳ್ಬೇಕು."

"ಅಪ್ಪ, ತಿಂಗಳ ಕೊನೆಯೊಳಗೆ ಫೀಸು ಕಟ್ಟದಿದ್ರೆ ನನ್ನ ಹೆಸರು ತೆಗೀತಾರೆ. ಎರಡು ವರ್ಷ ಓದಿದ್ದು ನೀರಲ್ಲಿ ಹೋಗುತ್ತೆ."

"ಅದಕ್ಕೇ ಹೇಳ್ತಿರೋದು. ಫ್ಯಾಕ್ಟರಿ ಶುರುವಾದ್ರೆ ಒಂದು ವರ್ಷದ ಫೀಸಲ್ಲ, ಎಲ್ಲಾ ಕಟ್ತೀನಿ. ಆಸ್ಪತ್ರೆದೇನು ಬಾಯ್ಲರಾ? ಅದು ಟೀ ಕೆಟಲು."

"ಕೆಟಲಾದ್ರೂ ಕುದಿಯುತ್ತಲ್ಲ!" ಹಬೆಯಮ್ಮನ ಗಂಟಲು ಏರಿತು. "ನಿಮ್ಮದು ಕುದಿದು ವರ್ಷವಾಗ್ತಾ ಬಂತು. ಕೈಗೆ ಬಂದ ತುತ್ತು ಬಾಯಿಗೆ ಬರದ ಹಾಗೆ ಮಾಡ್ತಿದ್ದೀರಲ್ಲ, ನಿಮಗೇನು ಗ್ರಹಚಾರ?"

"ಇರಲಿ ಬಿಡಮ್ಮ. ದೇವರು ಈಗ ಕಣ್ಣು ಬಿಟ್ಟ ಹಾಗೆ ಕಾಣುತ್ತೆ," ಅಂದರು ಅತ್ತೆ.

"ಬಿಟ್ಟ ಕಣ್ಣಿಗೆ ನಿಮ್ಮ ಮಗ ಸುಣ್ಣ ಹಾಕ್ತಿದ್ದಾರೆ ಅತ್ತೆ!"

ಹಬೆಯಪ್ಪ ಎದ್ದು ಕೈ ತೊಳೆದ. "ಕಾಲು ಗಂಟೆ ಕೆಲಸ. ತೋರಿಸಿ ಓಡಿ ಬರ್ತೀನಿ. ನಾಲ್ಕಕ್ಕೆ ಆಸ್ಪತ್ರೆ ಗೇಟಿನ ಹತ್ರ ಇರ್ತೀನಿ. ಆಯ್ತಲ್ಲ?" ಅಷ್ಟಕ್ಕೆ ಜಗಳ ನಿಂತಿತು. ಅವನು ತಿನ್ನದೆ ಬಿಟ್ಟ ಅರ್ಧ ಮೊಟ್ಟೆಯನ್ನು ಹಬೆಯಮ್ಮ ಮಗಳ ತಟ್ಟೆಗೆ ಹಾಕಿದಳು.

ಶನಿವಾರ ಮೂರೂವರೆಯಿಂದ ಅವಳು ಆಸ್ಪತ್ರೆಯ ಹಿಂದಿನ ಗೇಟಿನಲ್ಲಿ ನಿಂತಳು. ಸರ್ಟಿಫಿಕೇಟನ್ನು ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ ಎದೆಗೊತ್ತಿಕೊಂಡಿದ್ದಳು. ನಾಲ್ಕು ಹೊಡೆಯಿತು. ನಾಲ್ಕೂಕಾಲಿಗೆ ಸಾಹೇಬರ ಕಾರು ಅವಳ ಮುಂದೆಯೇ ಹಾದು ಹೋಯಿತು. ಮೇಡಂ ಹೊರಗೆ ಬಂದು ನೋಡಿ, ಏನೂ ಅನ್ನದೆ ಒಳಗೆ ಹೋದರು. ಬೈದಿದ್ದರೆ ಚೆನ್ನಾಗಿತ್ತು ಅನಿಸಿತು ಹಬೆಯಮ್ಮನಿಗೆ. ಮನೆಯವರೆಗೆ ನಡೆಯುತ್ತಾ ಗಂಡನಿಗೆ ಹೇಳಬೇಕಾದ ಮಾತುಗಳನ್ನೆಲ್ಲ ಒಂದೊಂದಾಗಿ ಹರಿತ ಮಾಡಿಟ್ಟುಕೊಂಡಳು.

ಹಬೆಯಪ್ಪ ಆರು ಗಂಟೆಗೆ ಬಂದ. ಬಿಳಿ ಅಂಗಿಗೆ ಎಣ್ಣೆ, ಕೈಯಲ್ಲಿ ಒಂದು ಕಿಲೋ ಕಿತ್ತಳೆ, ಮುಖದಲ್ಲಿ ಇಪ್ಪತ್ತು ವರ್ಷದ ಹಿಂದಿನ ನಗು. ಅವಳು ಬಾಯಿ ತೆರೆಯುವ ಮೊದಲೇ ಅವನು ಶುರು ಮಾಡಿದ.

"ಮೂರು ಜನ ಬಂದಿದ್ರು. ಒಬ್ಬರ ಕೈಲಿ ನೋಟ್‌ಬುಕ್ಕು. ಉದ್ದ, ಸುತ್ತಳತೆ, ತಗಡಿನ ದಪ್ಪ, ಒಳಗೆ ಎಷ್ಟು ಪೈಪು, ಎಲ್ಲಾ ಕೇಳಿದ್ರು. ನಾನು ಮಗ್ಗಿ ಒಪ್ಪಿಸಿದ ಹಾಗೆ ಒಪ್ಪಿಸಿದೆ. 'ಇಷ್ಟು ಕರಾರುವಾಕ್ಕಾಗಿ ಹೇಳೋರು ನಮಗೆ ಎಲ್ಲೂ ಸಿಕ್ಕಿರಲಿಲ್ಲ ಯಜಮಾನ್ರೆ' ಅಂತ ಕೈ ಕುಲುಕಿದ್ರು! ಮಂಗಳವಾರ ಜನ ಕರ್ಕೊಂಡು ಬರ್ತಾರಂತೆ, ಕೆಲಸ ಶುರು ಮಾಡೋಕೆ."

"ಅವರೇ ಹಾಗಂದ್ರಾ? ಕೆಲಸ ಶುರು ಅಂತ?"

"ಅವರೇ ಅಂದ್ರು ಕಣೆ. ನೀನೇ ಯೋಚನೆ ಮಾಡು, ತಗಡಿನ ದಪ್ಪ ಯಾಕೆ ಕೇಳ್ತಾರೆ? ಎಷ್ಟು ಒತ್ತಡ ತಡೆಯುತ್ತೆ ಅಂತ ತಿಳ್ಕೊಳ್ಳೋಕೆ ತಾನೆ?"

ಹಬೆಯಮ್ಮ ಹರಿತ ಮಾಡಿಟ್ಟ ಮಾತುಗಳು ನಾಲಿಗೆಯ ಮೇಲೇ ಉಳಿದವು. ಅತ್ತೆ ಆಗಲೇ ಕಿತ್ತಳೆ ಸುಲಿಯುತ್ತಿದ್ದರು. "ನಾನು ಹೇಳಿರಲಿಲ್ವಾ?" ಅಂದರು ರಸ ಒರೆಸಿಕೊಳ್ಳುತ್ತಾ. ಅವಳಿಗೂ ಒಂದು ತೊಳೆ ಕೊಟ್ಟರು. ತಿಂದಳು. ಸಿಹಿಯಾಗಿತ್ತು. ಹೊಟ್ಟೆಗೆ ಸರಿಯಾಗಿ ಬೀಳದೆ ತಿಂಗಳುಗಟ್ಟಲೆ ಇದ್ದವಳಿಗೆ ನಂಬಿಕೆ ಕೂಡ ಹಸಿವಿನಂತೆಯೇ ಬರುತ್ತದೆ. ಬೇಡ ಬೇಡ ಅಂದುಕೊಳ್ಳುತ್ತಲೇ ಅವಳು ನಂಬಿಬಿಟ್ಟಳು.

ಭಾನುವಾರ ಆ ಮನೆಯಲ್ಲಿ ಯಾರೂ ಯಾರಿಗೂ ಗದರಲಿಲ್ಲ. ಹಬೆಯಪ್ಪ ಬಟ್ಟೆ ಒಗೆದ. ಮಗಳು ಕಾಲೇಜಿನವರನ್ನು ಹತ್ತು ದಿನ ಗಡುವು ಕೇಳುತ್ತೇನೆಂದಳು. ಸೋಮವಾರ ಲಾಂಡ್ರಿಯಲ್ಲಿ ಮೇಡಂ, "ಆ ಜಾಗಕ್ಕೆ ಬೇರೆಯವನು ಸೇರ್ಕೊಂಡ, ನಾನೇನು ಮಾಡಲಿ?" ಅಂದಾಗ ಹಬೆಯಮ್ಮ ತಲೆ ಎತ್ತಿ, "ಪರವಾಗಿಲ್ಲ ಮೇಡಂ. ನಮ್ಮವರದೇ ಫ್ಯಾಕ್ಟರಿ ಶುರುವಾಗ್ತಿದೆ" ಅಂದಳು. ಮಡಚುತ್ತಿದ್ದವರೆಲ್ಲ ತಿರುಗಿ ನೋಡಿದರು. ಆ ನೋಟ ಅವಳಿಗೆ ಹಿತವಾಗಿತ್ತು, ಸುಳ್ಳೇಕೆ ಹೇಳಬೇಕು.

ಮಂಗಳವಾರ ಅವಳು ಒಂದು ದಿನದ ಸಂಬಳ ಬಿಟ್ಟು ಗಂಡನ ಜೊತೆ ಫ್ಯಾಕ್ಟರಿಗೆ ಹೋದಳು. ಬೆಂಕಿ ಹಾಕುವ ಮೊದಲು ಒಳಗಿನ ಸುಣ್ಣದ ತಟ್ಟೆಗಳನ್ನು ಹೊರಗೆ ತೆಗೆಯಬೇಕಿತ್ತು. ಹತ್ತಿರದವನ್ನು ಹಬೆಯಪ್ಪ ಕೊಕ್ಕೆ ಹಾಕಿ ಎಳೆದ. ಕೋಲಿನಿಂದ ಆಚೆ ತುದಿಯವರೆಗೆ ತಳ್ಳಿದ್ದ ಎರಡು ತಟ್ಟೆಗಳು ಮಾತ್ರ ಕೊಕ್ಕೆಗೆ ಸಿಗಲಿಲ್ಲ. ಒಬ್ಬರು ಒಳಗೆ ತೆವಳಿ ಹೋಗಬೇಕು. ಅವನ ಭುಜ ಬಾಯ್ಲರಿನ ಗುಂಡನೆಯ ಕಿಂಡಿಯಲ್ಲಿ ಹಿಡಿಯುವಂತಿರಲಿಲ್ಲ. ಮಗಳ ಹಳೆಯ ಪ್ಯಾಂಟು ತೊಟ್ಟು, ತಲೆಗೆ ಬಟ್ಟೆ ಬಿಗಿದು, ಹಬೆಯಮ್ಮನೇ ಒಳಗೆ ನುಗ್ಗಿದಳು.

"ಹೆದರಬೇಡ. ನಾನಿಲ್ಲೇ ಇದ್ದೀನಿ," ಅಂದ ಅವನು ಕಿಂಡಿಗೆ ಮುಖವಿಟ್ಟು.

"ನೀವಿಲ್ಲೇ ಇರೋದೇ ನನ್ನ ಹೆದರಿಕೆ."

ಟಾರ್ಚಿನ ಬೆಳಕಿನಲ್ಲಿ ಮೊಣಕೈ ಊರಿ ಊರಿ ಮುಂದೆ ಹೋದಳು. ಎಲ್ಲೆಡೆ ತುಕ್ಕು, ಜೇಡರ ಬಲೆ ಇರಬಹುದೆಂದುಕೊಂಡಿದ್ದಳು. ಅಂಗೈಯಿಂದ ಕಬ್ಬಿಣವನ್ನು ಸವರಿ ಬೆಳಕಿಗೆ ಹಿಡಿದಳು. ಅಂಗೈಗೆ ಏನೂ ಹತ್ತಿರಲಿಲ್ಲ. ಹನ್ನೊಂದು ತಿಂಗಳು ಬೆಂಕಿ ಕಾಣದ ಹೊಟ್ಟೆ, ಒಂದು ಚುಕ್ಕೆ ತುಕ್ಕಿಲ್ಲ. ತಾನು ಪಾತ್ರೆಯನ್ನೂ ಇಷ್ಟು ಚೆನ್ನಾಗಿ ಇಟ್ಟಿಲ್ಲ ಅನಿಸಿತು. ಈ ಮನುಷ್ಯ ಯಾರೂ ನೋಡದ ಜಾಗದಲ್ಲಿ, ಯಾರೂ ಕೇಳದ ಕೆಲಸವನ್ನು, ಕೂಲಿಯಿಲ್ಲದೆ, ಬೈಸಿಕೊಂಡು ಮಾಡಿದ್ದ.

"ರೀ, ಇದು ನಮ್ಮ ಅಡುಗೆಮನೆಗಿಂತ ಚೊಕ್ಕವಾಗಿದೆ!"

ಕಿಂಡಿಯಾಚೆ ಹಬೆಯಪ್ಪ ನಕ್ಕ. ಆ ನಗು ಬಾಯ್ಲರಿನ ಡ್ರಮ್ಮಿನೊಳಗೆ ಗುಂಯ್‌ಗುಟ್ಟಿ ಅವಳ ಸುತ್ತ ಓಡಾಡಿತು.

ಎರಡು ತಟ್ಟೆಯನ್ನೂ ಎಳೆದುಕೊಂಡು ಅವಳು ಹೊರಗೆ ಬರುವಷ್ಟರಲ್ಲಿ ಅಂಗಳದಲ್ಲಿ ಲಾರಿ ನಿಂತಿತ್ತು. ನೋಟ್‌ಬುಕ್ಕಿನವನು ಇಳಿದು ಬಂದು, ಹೊರಗೆ ಜೋಡಿಸಿಟ್ಟ ತಟ್ಟೆಗಳನ್ನು ನೋಡಿದ.

"ಒಳಗಿಂದೆಲ್ಲ ತೆಗೆದೇಬಿಟ್ರಾ? ಒಳ್ಳೇದಾಯ್ತು ಯಜಮಾನ್ರೆ. ನಮಗೆ ಅರ್ಧ ದಿನ ಉಳೀತು."

ಅವನ ಹಿಂದೆ ಇಬ್ಬರು ಉದ್ದನೆಯ ಗ್ಯಾಸ್ ಸಿಲಿಂಡರುಗಳನ್ನು ಉರುಳಿಸಿಕೊಂಡು ಬಂದರು. ಹಬೆಯಪ್ಪ ಅದನ್ನು ನೋಡಿ, "ವೆಲ್ಡಿಂಗ್ ಏನೂ ಬೇಕಾಗಲ್ಲ ಸಾರ್. ಒಂದು ಸೂಜಿಮೊನೆಯಷ್ಟು ತೂತಿಲ್ಲ. ನೀರು ತುಂಬಿಸಿ ನೋಡೋಣ ಬೇಕಿದ್ರೆ" ಅಂದ.

"ವೆಲ್ಡಿಂಗ್ ಅಲ್ಲ, ಕಟಿಂಗು. ನೀವು ಹೇಳಿದ ಅಳತೆ ಮೇಲೇ ತೂಕ ಕಟ್ಟಿ ರೇಟು ಹಾಕಿದ್ವಿ. ಕೆಜಿ ಲೆಕ್ಕ ಬಹಳ ಸಲೀಸಾಯ್ತು."

"ಮತ್ತೆ ಫ್ಯಾಕ್ಟರಿ?"

"ಯಾವ ಫ್ಯಾಕ್ಟರಿ? ಜಾಗ ಯಾರೋ ತಗೊಂಡು ಗೋಡೌನ್ ಕಟ್ತಾರಂತೆ. ನಮ್ಮದು ಗುಜರಿ ಕೆಲಸ ಯಜಮಾನ್ರೆ. ನಿಮಗೆ ಗೊತ್ತಿರಲಿಲ್ವಾ?"

ಸುಣ್ಣದ ಪುಡಿ ಮೆತ್ತಿ ಹಬೆಯಮ್ಮನ ಕಣ್ಣು ಉರಿಯುತ್ತಿತ್ತು. ಅವಳು ಗಂಡನ ಮುಖ ನೋಡಿದಳು, ಕೂಡಲೇ ಬೇರೆ ಕಡೆ ತಿರುಗಿದಳು. ನೋಡುವಂತಿರಲಿಲ್ಲ. ಗ್ಯಾಸ್ ಹತ್ತಿಸಿದ ಕೆಲಸಗಾರ ಡ್ರಮ್ಮಿನ ಬುಡಕ್ಕೆ ಬಗ್ಗಿದಾಗ ಮಾತ್ರ ಹಬೆಯಪ್ಪ ಬಾಯಿ ತೆರೆದ.

"ಅಲ್ಲಿಂದ ಶುರು ಮಾಡಬೇಡಪ್ಪ. ಭಾರ ಈ ಕಡೆ ಇದೆ, ಉರುಳಿ ಮೈಮೇಲೆ ಬೀಳುತ್ತೆ. ಮೊದಲು ಮೇಲಿಂದ ಬಿಡಿಸ್ಕೊಂಡು ಬಾ."

ಕೆಲಸಗಾರ ಹಾಗೆಯೇ ಮಾಡಿದ. ಮೊದಲ ಹೋಳು ಬಿದ್ದಾಗ ಒಳಗೆ ಇಣುಕಿ, "ಅಬ್ಬಾ, ಹೊಸ ಪಾತ್ರೆ ಥರ ಇದೆಯಲ್ಲ ಇದು" ಎಂದು ಹೇಳಿ, ಎರಡನೇ ಹೋಳಿಗೆ ಉರಿ ಹಿಡಿದ.

ಮರುದಿನ ಆರೂವರೆಗೆ ಹಬೆಯಪ್ಪ ಏಳಲಿಲ್ಲ. ಅದರ ಮರುದಿನವೂ ಇಲ್ಲ. ಕಪ್ಪು ಹಿಡಿದ ಗೋಡೆಗೆ ಮುಖ ಮಾಡಿ ಚಾಪೆಯ ಮೇಲೆ ಮಲಗಿದವನು ಬಚ್ಚಲಿಗೆ ಬಿಟ್ಟರೆ ಮತ್ತೆಲ್ಲಿಗೂ ಹೋಗಲಿಲ್ಲ. ತಟ್ಟೆ ಇಟ್ಟರೆ ನಾಲ್ಕು ತುತ್ತು, ಇಡದಿದ್ದರೆ ಅದೂ ಇಲ್ಲ. ಗಡ್ಡ ಬೆಳೆಯಿತು. ಮೊದಲ ವಾರ ಹಬೆಯಮ್ಮ ಸುಮ್ಮನಿದ್ದಳು, ಎರಡನೇ ವಾರ ಸಮಾಧಾನ ಹೇಳಿದಳು, ಮೂರನೇ ವಾರ ಕೂಗಾಡಿದಳು.

"ಎದ್ದು ಏನಾದ್ರೂ ಮಾತಾಡಿ! ಹೋಗಿದ್ದು ಕಬ್ಬಿಣ. ನಾವಿನ್ನೂ ಇದ್ದೀವಿ."

"ಏನು ಮಾತಾಡಲಿ?" ಗೋಡೆಗೇ ಹೇಳಿದ ಅವನು. "ಮಾತಾಡಿದ್ದೇ ಹೆಚ್ಚಾಯ್ತು. ನನ್ನ ಬಾಯಾರೆ ಹೇಳಿ ಅದನ್ನ ತೂಕಕ್ಕೆ ಹಾಕಿಸಿದೆ. ಆಸ್ಪತ್ರೆ ಕೆಲಸ ಕಳೆದೆ. ಹುಡುಗಿ ಓದು ಕಳೆದೆ. ಇನ್ನು ನನ್ನ ಮಾತು ಯಾರಿಗೆ ಬೇಕು?"

ಅವನು ಹೇಳಿದ್ದೆಲ್ಲ ನಿಜ. ಗಡುವು ಮುಗಿದು ಮಗಳ ಹೆಸರು ಪಟ್ಟಿಯಿಂದ ಹೋಗಿತ್ತು. ಅವಳು ಅಳಲೂ ಇಲ್ಲ, ಜಗಳವೂ ಆಡಲಿಲ್ಲ. ಒಂದು ಸಂಜೆ ಬಂದು, "ಚಪ್ಪಲಿ ಅಂಗಡಿಗೆ ಸೇರ್ಕೊಂಡೆ ಅಮ್ಮ, ನಾಳೆಯಿಂದ" ಎಂದು ಹೇಳಿ, ನರ್ಸಿಂಗ್ ಪುಸ್ತಕಗಳನ್ನು ಹಗ್ಗ ಬಿಗಿದು ಅಟ್ಟಕ್ಕೆ ಹಾಕಿದಳು. ಹುಡುಗಿ ಕಿರುಚಿದ್ದರೆ ಹಬೆಯಮ್ಮನ ಎದೆ ಅಷ್ಟು ಒಡೆಯುತ್ತಿರಲಿಲ್ಲ. ಲಾಂಡ್ರಿಯಲ್ಲಿ ಯಾರೂ ಫ್ಯಾಕ್ಟರಿಯ ಸುದ್ದಿ ಕೇಳಲಿಲ್ಲ. ಅಷ್ಟು ಮರ್ಯಾದೆ ಇಟ್ಟುಕೊಂಡಿದ್ದರು ಪಾಪ.

ಒಂದು ಬೆಳಿಗ್ಗೆ ಸೌದೆ ಒಲೆ ಹೊತ್ತಿಸಲು ರದ್ದಿ ಕಾಗದದ ಬುಟ್ಟಿಗೆ ಕೈ ಹಾಕಿದಾಗ ದಪ್ಪನೆಯ ಕಾಗದವೊಂದು ಸಿಕ್ಕಿತು. ಬಾಯ್ಲರ್ ಸರ್ಟಿಫಿಕೇಟು. ಹಬೆಯಪ್ಪನೇ ತಂದು ಹಾಕಿದ್ದ. ಹಬೆಯಮ್ಮ ಅದನ್ನು ಸೀರೆಗೆ ಒರೆಸಿ ಅಕ್ಕಿ ಡಬ್ಬದ ತಳದಲ್ಲಿ ಹುದುಗಿಸಿಟ್ಟಳು. ಇವತ್ತು ಕಾಗದ ಒಲೆಗೆ ಹಾಕಿದವನು ನಾಳೆ ತನ್ನನ್ನೇ ಏನು ಮಾಡಿಕೊಂಡಾನೋ ಎಂಬ ಭಯ ಅವಳನ್ನು ಆವತ್ತಿನಿಂದ ಹಿಡಿಯಿತು. ಕೆಲಸಕ್ಕೆ ಹೋಗುವಾಗ ಚಾಕುವನ್ನೂ ಬ್ಲೇಡನ್ನೂ ಚೀಲದಲ್ಲಿ ಹಾಕಿಕೊಂಡು ಹೋಗತೊಡಗಿದಳು. ಸಂಜೆ ಬಾಗಿಲು ತಳ್ಳುವ ಮೊದಲು ಒಂದು ಗಳಿಗೆ ನಿಂತು ಕಿವಿಗೊಡುವುದು ಅಭ್ಯಾಸವಾಯಿತು.

ಅತ್ತೆ ಮಾತ್ರ ದಿನಾ ಐದಕ್ಕೆ ಎದ್ದು, ಮಂಚದ ಮೇಲೆ ಕಣ್ಣು ಮುಚ್ಚಿ ಕೂತು, ಅರ್ಧ ಗಂಟೆ ದೇವರಿಗೆ ಏನೋ ಒಪ್ಪಿಸುತ್ತಿದ್ದರು. ಒಂದು ಬೆಳಿಗ್ಗೆ ಹಬೆಯಮ್ಮನಿಗೆ ತಡೆಯಲಾಗಲಿಲ್ಲ.

"ಇನ್ನೂ ಅವನ ಹತ್ರ ಮಾತಾಡ್ತೀರಲ್ಲ ಅತ್ತೆ. ಎಂಬತ್ತು ವರ್ಷಕ್ಕೆ ಏನು ಕೊಟ್ಟ ನಿಮಗೆ?"

ಮುದುಕಿ ಕೋಪ ಮಾಡಿಕೊಳ್ಳಲಿಲ್ಲ. "ಅಂಥದ್ದೇನೂ ಕೊಡಲಿಲ್ಲಮ್ಮ. ಅವನು ಕೇಳಿಸ್ಕೊಳ್ತಾನೋ ಇಲ್ವೋ, ಅದೂ ನನಗೆ ಗೊತ್ತಿಲ್ಲ. ಆದ್ರೆ ಬೆಳಿಗ್ಗೆ ಏಳೋಕೆ ನನಗೊಂದು ಕೆಲಸ ಬೇಕಲ್ಲ?" ಎಂದು ಹೇಳಿ, ಗೋಡೆಗೆ ಮುಖ ಮಾಡಿದ್ದ ಮಗನ ಬೆನ್ನನ್ನೇ ನೋಡುತ್ತಾ ಕೂತರು. ಆಮೇಲೆ ಕೆಮ್ಮು ಬಂತು, ಬಹಳ ಹೊತ್ತು ಕೆಮ್ಮಿದರು.

ಆ ಮಾತು ಹಬೆಯಮ್ಮನ ತಲೆಯಲ್ಲಿ ಮೂರು ದಿನ ಓಡಾಡಿತು.

ವಾರದ ರಜೆಯ ದಿನ, ಹನ್ನೊಂದು ಗಂಟೆಯ ಹೊತ್ತಿಗೆ, ಅವಳು ಅತ್ತೆಯ ಮಂಚದ ಕೆಳಗೆ ಬಗ್ಗಿ ಎಣ್ಣೆ ಡಬ್ಬವನ್ನು ಎಳೆದಳು. ಮೇಣವನ್ನು ಚಮಚದಿಂದ ಕೆತ್ತಿದಳು. ಸುಣ್ಣದ ಕಲ್ಲು ಇಟ್ಟಂತೆಯೇ ಇತ್ತು.

"ಏನಮ್ಮ ಮಾಡ್ತಿದ್ದೀಯ?" ಅತ್ತೆ ಕೇಳಿದರು.

"ಗ್ಯಾಸಿನ ದುಡ್ಡು ಕೊಟ್ಟು ತಂದಿದ್ದು. ಬೆಣ್ಣೆಯಂತೂ ನಮ್ಮ ಹಣೇಲಿ ಬರೆದಿಲ್ಲ, ಸುಣ್ಣವಾದ್ರೂ ಈ ಮನೆಗೆ ಬೀಳಲಿ."

ಅವಳು ಗಂಡನ ಚಾಪೆಯಿಂದ ನಾಲ್ಕಡಿ ದೂರದಲ್ಲಿ ತಗಡಿನ ದೊಡ್ಡ ಬಕೆಟ್ಟು ಇಟ್ಟು ಕಲ್ಲನ್ನೆಲ್ಲ ದಡದಡನೆ ಸುರಿದಳು. ಅವನು ಅಲುಗಲಿಲ್ಲ. ಸುಣ್ಣ ಬಳಿದು ಅವಳಿಗೆ ಗೊತ್ತಿರಲಿಲ್ಲ. ಒಂದು ಬಿಂದಿಗೆ ನೀರು ಎತ್ತಿ ಅರ್ಧದಷ್ಟು ಕಲ್ಲಿನ ಮೇಲೆ ಹೊಯ್ದಳು.

ಒಂದು ಗಳಿಗೆ ಏನೂ ಆಗಲಿಲ್ಲ. ಆಮೇಲೆ ಬಕೆಟ್ಟು ಗುರ್ರೆಂದಿತು. ಕಲ್ಲುಗಳು ಟಪಟಪ ಒಡೆದವು, ನೀರು ಕೊತಕೊತ ಕುದಿಯಿತು, ಬಿಳಿ ಹಬೆ ಭುಸ್ಸೆಂದು ಎದ್ದು ಕೋಣೆ ತುಂಬಿತು. ಒಂದು ಹನಿ ಸಿಡಿದು ಅವಳ ಮುಂಗೈ ಸುಟ್ಟಿತು. "ಅಯ್ಯೋ!" ಅಂದಳು. ಆದರೂ ಗಾಬರಿಯಲ್ಲಿ ಬಿಂದಿಗೆಯನ್ನು ಇನ್ನಷ್ಟು ಬಗ್ಗಿಸುತ್ತಲೇ ಇದ್ದಳು.

"ಹಿಂದೆ ಸರಿ! ಹಿಂದೆ ಸರಿಯೇ!"

ಯಾವಾಗ ಎದ್ದನೋ, ಹಬೆಯಪ್ಪ ಅವಳ ರಟ್ಟೆ ಹಿಡಿದು ಎಳೆದು ತನ್ನ ಬೆನ್ನ ಹಿಂದಕ್ಕೆ ಹಾಕಿಕೊಂಡಿದ್ದ. "ಅಮ್ಮಾ, ಮುಖ ಮುಚ್ಕೋ! ಕಣ್ಣಿಗೆ ಬಿದ್ರೆ ಕಣ್ಣೇ ಹೋಗುತ್ತೆ." ಬಾಗಿಲು ಪೂರ್ತಿ ತೆರೆದ. ಮೂಲೆಯಲ್ಲಿದ್ದ ಉದ್ದನೆಯ ಕೋಲು ತಗೊಂಡು, ಮುಖ ಓರೆ ಮಾಡಿ, ಬಕೆಟ್ಟನ್ನು ಕಾಲಿನಿಂದ ಗಟ್ಟಿಯಾಗಿ ಒತ್ತಿ ಹಿಡಿದು, ಮೆಲ್ಲಗೆ ತಿರುವತೊಡಗಿದ. "ಯಾರೇ ಹೇಳಿಕೊಟ್ರು ನಿನಗೆ? ನೀರಿಗೆ ಸುಣ್ಣ ಹಾಕಬೇಕು, ಸ್ವಲ್ಪ ಸ್ವಲ್ಪ. ಸುಣ್ಣದ ಮೇಲೆ ನೀರು ಸುರೀತಾರಾ? ಇಪ್ಪತ್ತು ವರ್ಷ ನನ್ನ ಜೊತೆ ಬಾಳಿ ಇಷ್ಟೂ ಗೊತ್ತಾಗಲಿಲ್ವಾ?"

ಬೈಯಲಿ, ಇನ್ನೂ ಬೈಯಲಿ ಅನಿಸಿತು ಹಬೆಯಮ್ಮನಿಗೆ. ಸುಟ್ಟ ಕೈಯನ್ನು ಬಾಯಿಗಿಟ್ಟುಕೊಂಡು ನಿಂತಳು. ಹಬೆ ಅವನ ಗಡ್ಡಕ್ಕೆ, ಹುಬ್ಬಿಗೆ ಹತ್ತಿ ಹನಿಯುತ್ತಿತ್ತು. ಅವನು ಕುದಿಯನ್ನು ಕಿವಿಯಿಂದಲೇ ನೋಡುತ್ತಿದ್ದ. ಸದ್ದು ಇಳಿದಾಗ ಇಷ್ಟು ನೀರು, ಏರಿದಾಗ ನಿಲ್ಲಿಸುವುದು, ಮತ್ತೆ ಇಷ್ಟು. ಮಂಚದ ಮೇಲಿನ ಮುದುಕಿ ಸೆರಗಿನ ಮರೆಯಿಂದ ಮಗನನ್ನು ನೋಡುತ್ತಿದ್ದರು. ಅವರ ತುಟಿ ಅಲುಗುತ್ತಿತ್ತು.

ಕುದಿ ಆರಿ ಬಕೆಟ್ಟಿನಲ್ಲಿ ಮೊಸರಿನಂಥ ಬಿಳಿ ನಿಂತಿತು. ಹಬೆಯಪ್ಪ ಅದರ ಮೇಲೆ ಗೋಣಿಚೀಲ ಮುಚ್ಚಿ, ಅವಳ ಕೈ ಹಿಡಿದು ನೋಡಿ, ಬಿಂದಿಗೆಯಲ್ಲಿ ಉಳಿದ ನೀರನ್ನು ಸುಟ್ಟ ಜಾಗದ ಮೇಲೆ ಮೆಲ್ಲಗೆ ಬಿಡುತ್ತಾ ನಿಂತ. ಅವನ ಕಣ್ಣು ಕಪ್ಪು ಗೋಡೆಯ ಮೇಲಿತ್ತು. ಇಪ್ಪತ್ತಾರು ದಿನದಿಂದ ನೋಡುತ್ತಿದ್ದ ಗೋಡೆಯನ್ನು ಈಗ ಮೇಲಿನಿಂದ ಕೆಳಗೆ ಅಳೆಯುತ್ತಿದ್ದ.

"ಬ್ರಷ್ ಕೊಡಲಾ?" ಅಂದಳು ಹಬೆಯಮ್ಮ.

"ಈಗ ಮುಟ್ಟಬಾರದು. ಬಿಸಿ ಇದೆ. ಒಂದು ರಾತ್ರಿ ನೆನೀಬೇಕು, ಮೇಲೆ ಕೆನೆ ಕಟ್ಟಬೇಕು. ಆಮೇಲೆ ಬಳಿಯೋದು."

ತಿಂಗಳುಗಟ್ಟಲೆ ಯಾವ ಪದ ಕೇಳಿದರೆ ಮೈ ಪರಚಿಕೊಳ್ಳುವಂತಾಗುತ್ತಿತ್ತೋ, ಅದೇ ಪದಕ್ಕಾಗಿ ಅವಳು ಕೇಳಿದಳು:

"ಹಾಗಾದ್ರೆ ಯಾವಾಗ?"

"ನಾಳೆ," ಅಂದ ಹಬೆಯಪ್ಪ. "ಬೆಳಿಗ್ಗೆ ಬೇಗ ಏಳಿಸು."